ಬನಶ್ರೀಯ ಆಟದಲ್ಲಿ ನಮ್ಮ ಮನೆಯ ಸೀರೆ

ನಾನು ಸಂಶಯದ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿದು ಹೇಳುವುದು ಬೇಡ. ಹಾಲಿನವನು ಬಂದರೆ ಬೆರಳು ಅದ್ದಿ ನೋಡಿಯೇ ಪಾತ್ರೆ ಒಡ್ಡುತ್ತೇನೆ. ಬಸ್ಸಿನಲ್ಲಿ ಪಕ್ಕದವನು ನಗುನಗುತ್ತಾ ಮಾತಾಡಿಸಿದರೆ ಚೀಲವನ್ನು ತೊಡೆಯ ಮೇಲೆ ಎತ್ತಿಕೊಳ್ಳುತ್ತೇನೆ. ಗಜೇಂದ್ರಗಡದ ಈ ಓಣಿಯಲ್ಲಿ ನಲವತ್ತೈದು ವರ್ಷ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು ನಾನು, ಕಳಕಪ್ಪ. ಕುಣಿಯಲ್ಲಿ ಕೂತವನ ಕಣ್ಣು ನೆಲಕ್ಕೆ ಹತ್ತಿರ. ಮನೆಗೆ ಬಂದವರ ಕಾಲು ಮೊದಲು ಕಾಣುತ್ತದೆ, ಮುಖ ಆಮೇಲೆ. ಕಾಲು ಸುಳ್ಳು ಹೇಳುವುದಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ.

ಬನಶ್ರೀ ಪಕ್ಕದ ಮನೆಯ ಹನಮಂತಪ್ಪನ ಮಗಳು. ಗದಗಿನಲ್ಲಿ ಕಂಪ್ಯೂಟರ್ ಡಿಗ್ರಿ ಓದುತ್ತಿದ್ದಳು. ಎರಡನೇ ವರ್ಷದ ನಡುವೆ ಒಂದು ಬುಧವಾರ ಹಾಸಿಗೆ ಸುರುಳಿ, ಟ್ರಂಕು, ಒಂದು ಹಳೆಯ ಲ್ಯಾಪ್‌ಟಾಪಿನ ಸಮೇತ ಬಂದಿಳಿದಳು. ನಮ್ಮ ಬಾಗಿಲ ಮುಂದೆ ಧೂಳು ಹಿಡಿದ ಚಪ್ಪಲಿಗಳು ನಿಂತದ್ದು ಕಂಡಿತು.

"ಸೂಟಿ ಏನವಾ?" ಅಂದೆ.

"ಇಲ್ರಿ ಕಾಕಾ. ಕಾಲೇಜ ಬಿಟ್ಟೆ."

ರೋಣದಲ್ಲಿ ಬಸ್ಸು ಬದಲಿಸಿದೆ ಅನ್ನುವ ಹಾಗೆ ಹೇಳಿದಳು. ನನಗೆ ಅಲ್ಲೇ ಅನುಮಾನ ಬಂತು. ಓದು ಬಿಟ್ಟು ಬಂದ ಹುಡುಗಿ ಅಳಬೇಕು, ಇಲ್ಲವೆ ತಲೆ ತಗ್ಗಿಸಬೇಕು. ಇವಳು ಎರಡೂ ಮಾಡಲಿಲ್ಲ. ಅಂದಮೇಲೆ ಏನೋ ಇದೆ. ಮೊದಲ ವಾರ ಯಾರೋ ಹುಡುಗ ಅಂದುಕೊಂಡೆ. ಎರಡನೇ ವಾರ ನಪಾಸು ಅಂದುಕೊಂಡೆ. ಮೂರನೇ ವಾರ ಎರಡೂ ಇರಬಹುದು ಅನ್ನಿಸಿತು.

ಅವಳು ಹೇಳಿದ ಕಾರಣ ಬೇರೆ. "ಅಲ್ಲಿ ಪ್ರೋಗ್ರಾಮ್ ಹಾಳಿ ಮ್ಯಾಲ ಬರಸ್ತಾರ್ರಿ ಕಾಕಾ. ಕಂಪ್ಯೂಟರ್ ರೂಮಿಗೆ ಯಾವಾಗ ನೋಡಿದ್ರೂ ಕೀಲಿ. ನಾ ಮನ್ಯಾಗ ಕುಂತ ಕಲೀತೀನಿ. ಗೇಮ್ ಮಾಡ್ತೀನಿ."

"ಆಡ್ತೀ ಅನ್ನು."

"ಆಡೂದಲ್ರಿ. ಮಾಡೂದು."

ಹನಮಂತಪ್ಪ ಮಾತು ಕಡಿಮೆಯ ಮನುಷ್ಯ. ಮೊಣಕಾಲು ಹೋಗಿ ಎರಡು ವರ್ಷವಾಗಿತ್ತು, ಕುಣಿಯಿಂದ ಏಳಬೇಕಾದರೆ ಗೋಡೆ ಹಿಡಿಯುತ್ತಿದ್ದ. ಮಗಳು ಬೆಳಿಗ್ಗೆ ಅವನ ಮಗ್ಗದಲ್ಲಿ ಕೂತು ಮಧ್ಯಾಹ್ನದವರೆಗೆ ನೇಯುತ್ತಿದ್ದಳು. ಊಟವಾದ ಮೇಲೆ ಲ್ಯಾಪ್‌ಟಾಪು. ಯಾವುದೋ ದೇಶದವನು ಇಂಗ್ಲಿಷಿನಲ್ಲಿ ಗಡಗಡ ಹೇಳುವ ವಿಡಿಯೋ ಹಾಕುವಳು, ನಿಲ್ಲಿಸುವಳು, ವಹಿಯಲ್ಲಿ ಬರೆದುಕೊಳ್ಳುವಳು, ಮತ್ತೆ ಹಾಕುವಳು. ಒಂದೇ ವಾಕ್ಯ ಇಪ್ಪತ್ತು ಸಲ ಗೋಡೆಯಾಚೆಯಿಂದ ಕೇಳಿ ನನಗೇ ಬಾಯಿಪಾಠ ಆಗಿತ್ತು, ಅರ್ಥ ಮಾತ್ರ ಇವತ್ತಿಗೂ ಗೊತ್ತಿಲ್ಲ.

ಅವಳ ಮೊದಲ ಆಟದಲ್ಲಿ ಒಂದು ಆಡು ನಮ್ಮ ಗುಡ್ಡ ಹತ್ತುತ್ತಿತ್ತು. ಮೇಲೆ ಗಾಳಿಯಂತ್ರದ ರೆಕ್ಕೆ ಬಡಿದರೆ ಉರುಳಿ ಬೀಳುತ್ತಿತ್ತು. ಆರು ತಿಂಗಳ ಕೆಲಸ. ಆಡಿದವರು ಹತ್ತೊಂಬತ್ತು ಜನ, ಅದರಲ್ಲಿ ಹನ್ನೊಂದು ಜನ ಅವಳ ಸೋದರತ್ತೆ, ಮಾವಂದಿರ ಮಕ್ಕಳು. "ಆಡು ಸತ್ತೈತಿ ಬಿಡ್ರಿ ಕಾಕಾ" ಅಂದು ನಕ್ಕಳು. ಆ ನಗುವನ್ನೂ ನಾನು ನಂಬಲಿಲ್ಲ. ಆರು ತಿಂಗಳು ಹಾಳಾದವರು ಹೀಗೆ ನಗುತ್ತಾರೆಯೇ?

ಎರಡನೇ ಆಟಕ್ಕೆ ಅವಳು ಮಗ್ಗವನ್ನೇ ಹಿಡಿದಳು. ಹೆಸರು "ಎಳೆ". ಆಡುವವರು ಫೋನಿನಲ್ಲಿ ಲಾಳಿ ಓಡಿಸಬೇಕು, ಹರಿದ ಎಳೆ ಕೂಡಿಸಬೇಕು, ಬಣ್ಣದ ಲೆಕ್ಕ ತಪ್ಪದ ಹಾಗೆ ಸೀರೆ ಮುಗಿಸಬೇಕು. ಇದಕ್ಕಾಗಿ ನಮ್ಮ ಮನೆಗೆ ಬರತೊಡಗಿದಳು. ಫೋನನ್ನು ಮಗ್ಗದ ಹತ್ತಿರ ಇಟ್ಟು ಸದ್ದು ತುಂಬಿಸಿಕೊಳ್ಳುವಳು.

"ನಿಮ್ಮ ಮನ್ಯಾಗೂ ಮಗ್ಗ ಐತೆಲ್ಲ?" ಅಂದೆ.

"ನಮ್ಮದು ಕೆಮ್ಮತೈತ್ರಿ ಕಾಕಾ. ನಿಮ್ಮದು ಚಲೋ ಮಾತಾಡತೈತಿ."

ಹೊಗಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ. ಅದೂ ಅವಳು ಬಂದ ಹೊತ್ತು ಎಂಥದ್ದು! ನನ್ನ ಹೆಂಡತಿ ಶೇಖವ್ವ ಮನೆ ಸೀರೆಗೆ ಉದ್ದದ ಎಳೆಗಳ ಹಾಸು ಹಾಕುತ್ತಿದ್ದಳು.

ಈ ಮನೆ ಸೀರೆಯ ವಿಷಯ ಹೇಳಲೇಬೇಕು. ನಮ್ಮ ಓಣಿಯಲ್ಲಿ ಮಾರಾಟದ ಸೀರೆ ಎಲ್ಲರೂ ನೇಯುತ್ತೇವೆ. ಅದು ಬೇರೆ. ಒಂದೊಂದು ಮನೆಗೆ ಅದರದೇ ಒಂದು ಚೌಕಳಿ, ಅಂದರೆ ಚೌಕದ ವಿನ್ಯಾಸ, ಇರುತ್ತದೆ. ಅದನ್ನು ಆ ಮನೆಯ ಹೆಣ್ಣುಮಕ್ಕಳಿಗಾಗಿ ಮಾತ್ರ ನೇಯುವುದು, ಮಾರುವುದಿಲ್ಲ, ಎರವಲು ಕೊಡುವುದಿಲ್ಲ. ಯಾವ ಬಣ್ಣದ ಎಳೆ ಎಷ್ಟು, ಅದರ ಪಕ್ಕ ಯಾವುದು ಎಷ್ಟು ಅನ್ನುವ ಲೆಕ್ಕವನ್ನು ಬರೆದಿಡುವುದಿಲ್ಲ, ಬಾಯಿ ಬಿಟ್ಟು ಹೇಳುವುದೂ ಇಲ್ಲ. ಹಾಸು ಹಾಕುವಾಗ ತುಟಿ ಅಲ್ಲಾಡುತ್ತದೆ, ಅಷ್ಟೆ. ನಮ್ಮವ್ವ ಶೇಖವ್ವನಿಗೆ ಕೈ ಹಿಡಿದು ಕಲಿಸಿದ್ದು ಮದುವೆಯಾಗಿ ನಾಲ್ಕು ವರ್ಷದ ಮೇಲೆ. ನಮ್ಮ ಒಬ್ಬಳೇ ಮಗಳು ಉಮಾಶ್ರೀಗೆ ಇನ್ನೂ ಹೇಳಿರಲಿಲ್ಲ. ಅವಳನ್ನು ನರಗುಂದದ ಕಾಳಿನ ವ್ಯಾಪಾರದ ಮನೆಗೆ ಕೊಟ್ಟಿದ್ದೇವೆ, ಆ ವರ್ಷ ಅವಳ ಕುಬಸ, ಚೊಚ್ಚಲ ಬಸುರಿನ ಸೀಮಂತ. ಅದಕ್ಕೇ ಆ ಸೀರೆ ಮಗ್ಗ ಏರಿತ್ತು.

ನಾನು ಹೆದರಿದ್ದಕ್ಕೆ ಕಾರಣವಿತ್ತು. ಅದಕ್ಕೂ ಎರಡು ವರ್ಷದ ಹಿಂದೆ ಎದುರುಮನೆಯ ಗಾಳೆವ್ವನ ಮನೆ ಸೀರೆ ಯಂತ್ರದ ಮಗ್ಗದಲ್ಲಿ ನೇಯ್ದು ನರಗುಂದದ ಒಂದು ಅಂಗಡಿಯಲ್ಲಿ ತೂಗುಹಾಕಿದ್ದರು. ಪಾಲಿಸ್ಟರ್. ಯಾರು ಲೆಕ್ಕ ಕೊಟ್ಟರೆಂದು ಇವತ್ತಿಗೂ ಗೊತ್ತಾಗಿಲ್ಲ. ಗಾಳೆವ್ವ ಮೊಮ್ಮಗಳ ಮದುವೆಗೆ ಮನೆ ಸೀರೆ ನೇಯಲೇ ಇಲ್ಲ. "ಇನ್ನೇನ ನೇಯೂದು, ಬಸ್ ಸ್ಟ್ಯಾಂಡ್ ತುಂಬ ಉಟಗೊಂಡ ನಿಂತಾರ" ಅಂದಳು. ಅವತ್ತಿನಿಂದ ಹಾಸು ಹಾಕುವ ದಿನ ನಾನು ಕಿಟಕಿ ಮುಚ್ಚಿಸುತ್ತೇನೆ.

"ನಾಳೆ ಬಾ" ಅಂದು ಬನಶ್ರೀಯನ್ನು ಕಳಿಸಿದೆ. ಆದರೆ ಅವಳು ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದಳೋ? ಮೊದಲ ಬಾರಿ ನನಗೆ ಕಾಲು ಕಂಡಿರಲಿಲ್ಲ.

ಕುಬಸ ಚೆನ್ನಾಗಿ ಆಯಿತು. ಆಟವೂ ಕೆಲವು ತಿಂಗಳಲ್ಲಿ ಹೊರಬಂತು, ಪುಕ್ಕಟೆ. ಓಣಿಯವರೆಲ್ಲ ಒಂದು ವಾರ ಆಡಿ ಬಿಟ್ಟರು. ನಾನು ಮಾತ್ರ ಬಿಡಲಿಲ್ಲ. ಅದರೊಳಗೆ ಎಲ್ಲೋ ನಮ್ಮ ಚೌಕಳಿ ಇದ್ದೇ ಇದೆ, ಹಿಡಿದು ತೋರಿಸಬೇಕು ಎಂದು ಹಟ ಹಿಡಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ಸಲ್ಮಾನನ ಅಂಗಡಿಗೆ ಹೋಗಿ ಆಟ ಹಾಕಿಸಿಕೊಂಡೆ. ಅದು ಹೆಸರು ಕೇಳಿತು. ನನ್ನ ಹೆಸರು ಕೊಟ್ಟರೆ ಅವಳಿಗೆ ಗೊತ್ತಾಗುವುದಿಲ್ಲವೇ? "ಬಸವಪ್ರಸಾದ, ಬೆಂಗಳೂರು" ಅಂತ ಹಾಕಿಸಿದೆ. ಸಲ್ಮಾನ ನನ್ನ ಮುಖ ನೋಡಿದ, ಹಾಗೇ ಒತ್ತಿದ.

ದಿನಾ ಮಧ್ಯಾಹ್ನ ಊಟ ಮಾಡಿ, ಎಲೆ ಅಡಿಕೆಯ ನೆವ ಹೇಳಿ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಆಡುತ್ತಿದ್ದೆ. ಆಟದ ತುಂಬ ತಪ್ಪು. ನನಗೆ ಖುಷಿಯೋ ಖುಷಿ. ಆಟದ ಕೆಳಗೆ ಅಭಿಪ್ರಾಯ ಬರೆಯುವ ಜಾಗವಿತ್ತು. ಒಂದೇ ನಕ್ಷತ್ರ ಒತ್ತಿ ಬರೆದೆ: "ಮಾಡಿದವರಿಗೆ ಮಗ್ಗ ಗೊತ್ತಿಲ್ಲ. ಗಂಟು ಹಾಕಿದ ಮೇಲೆ ಅದರ ಬಾಲ ಕತ್ತರಿಸದಿದ್ದರೆ ಹಣಿಗೆಯಲ್ಲಿ ಸಿಕ್ಕು ಪಕ್ಕದ ಎಳೆಯೂ ಹರಿಯುತ್ತದೆ. ನಾಚಿಕೆಯಾಗಬೇಕು." ಎಂಟು ದಿನದಲ್ಲಿ ಆಟದಲ್ಲಿ ಒಂದು ಸಣ್ಣ ಕತ್ತರಿ ಬಂತು. ಮತ್ತೆ ಬರೆದೆ: "ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿಯುತ್ತ ಬಂದರೆ ಲಾಳಿಯ ಸದ್ದು ಹಗುರಾಗುತ್ತದೆ. ನಿಮಗೆ ಕಿವಿ ಇಲ್ಲವೇ?" ಹದಿನೈದು ದಿನದಲ್ಲಿ ಸದ್ದು ಹಗುರಾಯಿತು. ಒಣಗಾಳಿಯ ದಿನ ಎಳೆ ಹೆಚ್ಚು ಹರಿಯುತ್ತದೆ ಎಂದು ಬೈದೆ. ಮುಂದಿನ ತಿಂಗಳು ಆಟದಲ್ಲಿ ಗಾಳಿ ಬೀಸಿತು.

ಇದನ್ನೆಲ್ಲ ಇವಳಿಗೆ ಯಾರು ಹೇಳಿಕೊಡುತ್ತಿದ್ದಾರೆ? ಓಣಿಯ ಒಳಗಿನವರೇ ಯಾರೋ! ಮನೆಗೆ ಹೋಗಿ ಶೇಖವ್ವನನ್ನೇ ಕೇಳಿದೆ.

"ಆ ಹುಡಿಗಿಗೆ ನೀ ಏನರ ಹೇಳಿಕೊಡಾಕತ್ತೀಯೇನು?"

"ನಿಮಗ ತಲಿ ಕೆಟ್ಟೈತಿ" ಅಂದಳು. ಅದು ಉತ್ತರವಲ್ಲ ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ನಲವತ್ತನೆಯ ಹಂತ ಕೊನೆಯದು. ಅಲ್ಲಿಯೂ ನಮ್ಮ ಚೌಕಳಿ ಸಿಗಲಿಲ್ಲ. ಬರೀ ಖಾಲಿ ಮಗ್ಗ ಬಂತು. ಬಣ್ಣಗಳನ್ನು ಮುಂದಿಟ್ಟು "ನಿಮ್ಮ ಸೀರೆ ನೇಯಿರಿ" ಅಂದಿತು. ಅವತ್ತು ಬೆಂಚಿನ ಮೇಲೆ ಕೊಣ್ಣೂರಿನ ಕಡೆಯವನೊಬ್ಬ ಕೂತು ಸೇತುವೆಗೆ ನೀರು ಬಂದ ಕಥೆ ಹೇಳುತ್ತಿದ್ದ. ನಾನು ಹೂಂಗುಟ್ಟುತ್ತ, ಕೈಗೆ ಬಂದ ಹಾಗೆ ಎಳೆ ಇಡುತ್ತ ಹೋದೆ. ಮುಗಿದಾಗ ಫೋನು ಏನೋ ಕೇಳಿತು. ಫೋನು ಏನು ಕೇಳಿದರೂ ನಾವು ಒತ್ತುವುದು "ಹೌದು". ಒತ್ತಿದೆ. ಬಸ್ಸು ಬಂತು, ಅವನು ಹೋದ, ನಾನು ಮನೆಗೆ ಬಂದೆ.

ಹತ್ತು ದಿನದ ಮೇಲೆ ಉಮಾಶ್ರೀಯ ಫೋನು. "ಅಪ್ಪಾ, ನನ್ನ ಕುಬಸದ ಸೀರಿ ಬನಶ್ರೀ ಗೇಮಿನ್ಯಾಗ ಬಂದೈತಿ! ವಾರದ ಸೀರಿ ಅಂತ ಹಾಕ್ಯಾಳ. ನನ್ನ ನೆಗೆಣ್ಣಿ ತೋರಿಸಿದ್ಲು." ಅದರ ಚಿತ್ರವನ್ನೂ ಕಳಿಸಿದಳು. ನೋಡಿದೆ. ನಮ್ಮದೇ. ಒಂದು ಎಳೆ ಆಚೆ ಈಚೆ ಇಲ್ಲ. ಭಯವಾಯಿತು, ಅದರ ಹಿಂದೆಯೇ ಒಂದು ಸಂತೋಷವೂ ಆಯಿತು, ಸುಳ್ಳು ಯಾಕೆ ಹೇಳಲಿ. ನಾನು ಹೇಳಿದ್ದೇ ಖರೆ ಆಯಿತಲ್ಲ.

ನೇರ ಸೊಸೈಟಿಗೆ ಹೋದೆ. ನಮಗೆ ನೂಲು ಕೊಡುವ ನೇಕಾರರ ಸೊಸೈಟಿ ಅದು, ವಾರಕ್ಕೊಮ್ಮೆ ಸೋಮವಾರ ಎಲ್ಲರೂ ಅಲ್ಲಿ ಸೇರುತ್ತೇವೆ, ಅವತ್ತು ಸೋಮವಾರವೇ. ಅಲ್ಲಿಗೆ ಹಿರಿಯ ಗೌಸುಸಾಬ. ಓಣಿಯ ನೂಲಿಗೆಲ್ಲ ಬಣ್ಣ ಹಾಕುವವನು, ಅವನ ಮಾತು ಅಲ್ಲಿ ನಡೆಯುತ್ತದೆ. ಚಿತ್ರ ತೋರಿಸಿದೆ.

"ವಿಚಾರ ಮಾಡಿ ಹೇಳಪಾ ಕಳಕಪ್ಪ" ಅಂದ. "ಹುಡಿಗಿ ಹೆಸರು ಕೆಡ್ತೈತಿ."

"ನನ್ನ ಮನೀದು ಕೆಟ್ಟೈತಲ್ಲ?" ಅಂದೆ. "ನಮ್ಮ ಮನಿ ಹಾಸು ಹಾಕೂ ಮುಂದ ಬಾಗಿಲದಾಗ ಫೋನ್ ಹಿಡಕೊಂಡು ನಿಂತಾಕಿ ಅಕೀನಽ. ಗಾಳೆವ್ವನ ಸೀರಿ ಯಾರು ಮಾರಿದ್ರು ಅನ್ನೂದೂ ಈಗ ತಿಳೀತು ನೋಡ್ರಿ."

ಗಾಳೆವ್ವನ ಸೀರೆ ಹೋದಾಗ ಬನಶ್ರೀ ಗದಗಿನ ಹಾಸ್ಟೆಲ್ಲಿನಲ್ಲಿದ್ದಳು. ಅದು ನನಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಆದರೂ ಮಾತು ಅಂಟಿತು. ಇತ್ಯರ್ಥವಾಗುವವರೆಗೆ ಹನಮಂತಪ್ಪನ ಮನೆಗೆ ನೂಲು ಕೊಡುವುದು ಬೇಡ ಎಂದಾಯಿತು. ಹನಮಂತಪ್ಪ ಅಲ್ಲೇ ಇದ್ದ. ನೂಲಿಗೆ ತಂದ ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ, ಕಂಕುಳಲ್ಲಿ ಇಟ್ಟುಕೊಂಡು ಹೋದ.

ಗುರುವಾರ ಬೆಳಿಗ್ಗೆ ಬನಶ್ರೀ ನಮ್ಮ ಮನೆಗೆ ಬಂದಳು. ಲ್ಯಾಪ್‌ಟಾಪು ಎದೆಗೆ ಅವಚಿಕೊಂಡಿದ್ದಳು. ಕಣ್ಣು ಬಾತಿದ್ದವು.

"ಕಾಕಾ, ನಾ ಕದ್ದಿಲ್ರಿ. ಸೋಮವಾರದೊಳಗ ನೂಲು ಬರಲಿಲ್ಲಂದ್ರ ಇದನ್ನ ಮುಟ್ಟೂದಿಲ್ಲಂತ ಅಪ್ಪಗ ಮಾತು ಕೊಟ್ಟೀನಿ. ಅದಕ್ಕ ಯಾರು ಮಾಡಿದ್ರಂತ ಹುಡುಕ್ಯಾಡಾಕತ್ತೀನಿ. ಐದು ನಿಮಿಷ ನೋಡ್ರಿ ಸಾಕು."

ನಾನು ಕುಣಿಯಿಂದ ಏಳಲಿಲ್ಲ. ಅವಳೇ ನೆಲದ ಮೇಲೆ ಕೂತು ತೆರೆದು ತೋರಿಸಿದಳು. "ಕಡೀ ಹಂತಕ್ಕ ನಾ ಯಾವ ಸೀರೀನೂ ಇಟ್ಟಿಲ್ರಿ. ಖಾಲಿ ಮಗ್ಗ. ಆಡಾವ್ರು ತಮ್ಮ ಸೀರಿ ತಾವಽ ನೇಯ್ಬೇಕು. ಮುಗಿದ ಮ್ಯಾಲ, ಎಲ್ಲಾರಿಗೂ ತೋರಸ್ಲೇನು ಅಂತ ಕೇಳತೈತಿ. ಹೌದು ಅಂದ್ರ ಅದು ಎಲ್ಲಾರ ಫೋನಿಗೂ ವಾರದ ಸೀರಿ ಅಂತ ಹೋಗತೈತಿ. ನಿಮ್ಮ ಸೀರಿ ನೇಯ್ದಾಂವ ಇಂವಾ ನೋಡ್ರಿ. ಬಸವಪ್ರಸಾದ, ಬೆಂಗಳೂರು."

ನಾನು ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟೆ.

"ಇಂವಾ ಬೆಂಗಳೂರಾಂವ ಅಲ್ರಿ ಕಾಕಾ. ಐದು ತಿಂಗಳಿಂದ ದಿನಾ ಮಧ್ಯಾಹ್ನ ಆಡ್ಯಾನ. ಬಿಟ್ಟದ್ದು ಬರೇ ಐದು ದಿನ. ಕ್ಯಾಲೆಂಡರ್ ಮುಂದಿಟಗೊಂಡು ನೋಡಿದೆ. ಐದೂ ಅಮಾಸಿ."

ಅಮಾವಾಸ್ಯೆಯ ದಿನ ನಮ್ಮ ಓಣಿಯಲ್ಲಿ ಮಗ್ಗಕ್ಕೆ ಸೂಟಿ. ಕುಣಿಗೆ ಯಾರೂ ಇಳಿಯುವುದಿಲ್ಲ, ಲಾಳಿ ಮುಟ್ಟುವುದಿಲ್ಲ. ನಾನು ವಿಚಾರ ಮಾಡಿ ಬಿಟ್ಟಿದ್ದಲ್ಲ. ಆ ದಿನ ಆ ಆಟದ ಮೇಲೆ ಬೆರಳೇ ಹೋಗಿರಲಿಲ್ಲ.

"ಇಂವಾ ನೇಕಾರ. ನಮ್ಮವಽ ಯಾರೋ ಅದಾನ. ನಿಮ್ಮ ಮನಿ ಲೆಕ್ಕಾನೂ ಗೊತ್ತಿದ್ದಾಂವ" ಅಂದಳು ಬನಶ್ರೀ. "ಯಾರ್ಯಾರಿಗೆ ಗೊತ್ತೈತ್ರಿ ಕಾಕಾ?"

ಮೂಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದ ಶೇಖವ್ವನ ರಾಟೆ ನಿಂತಿತು. ಅವಳು ನನ್ನನ್ನೇ ನೋಡಿದಳು. ಈ ಭೂಮಿಯ ಮೇಲೆ ಆ ಲೆಕ್ಕ ಗೊತ್ತಿದ್ದವರು ನಾವಿಬ್ಬರೇ, ಅದರಲ್ಲಿ ದಿನಾ ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಹೋಗುವವನು ಒಬ್ಬನೇ. ಬೆಂಚು ನೆನಪಾಯಿತು, ಕೊಣ್ಣೂರಿನವನ ಮಾತು ನೆನಪಾಯಿತು. ನಿಮ್ಮ ಸೀರೆ ನೇಯಿರಿ ಅಂದರೆ ನನ್ನ ಕೈ ಇನ್ನೇನು ನೇಯುತ್ತಿತ್ತು?

ನನ್ನ ಬಾಯಿಂದ ಬಂದದ್ದು ಇಷ್ಟೇ: "ಅದನ್ನ ಅಳಸಾಕ ಬರ್ತೈತೇನು?"

ಬನಶ್ರೀ ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು. ತಿಳಿದದ್ದು ನನಗೂ ಕಂಡಿತು.

"ಬರ್ತೈತ್ರಿ" ಅಂದಳು ನಿಧಾನಕ್ಕೆ. "ಆದ್ರ ಅದರ ಕೂಡ ಹೆಸರು, ತಾರೀಕು ಎಲ್ಲಾ ಹೋಗತಾವ. ಸೊಸೈಟ್ಯಾಗ ತೋರಸಾಕ ನನ್ನ ಕಡೆ ಏನೂ ಉಳಿಯೂದಿಲ್ಲ."

"ಅಳಸು" ಅಂದೆ.

ಅಳಿಸಿದಳು. ನನ್ನ ಕಣ್ಣೆದುರಿಗೇ ಅಳಿಸಿದಳು. ಹೊಸ್ತಿಲಾಚೆ ಚಪ್ಪಲಿ ಮೆಟ್ಟಿ, ತಿರುಗಿ ಅಂದಳು: "ಗಂಟಿನ ಬಾಲ ಕತ್ತರಸೂದು, ಲಾಳಿ ಸದ್ದು, ಅವು ಭಾಳ ಚಲೋ ಹೇಳಿದ್ರಿ ಕಾಕಾ. ಯಾವ ವಿಡಿಯೋದಾಗೂ ಅವು ಇರಲಿಲ್ಲ."

ಅವಳು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಆದರೂ ನಾಲ್ಕು ದಿನ ನಾನು ಸುಮ್ಮನಿದ್ದೆ. ಗುರುವಾರ ಇಡೀ ದಿನ ಯೋಚಿಸಿದ್ದು ಇದು: ಇಂಥ ಜಾಣೆ ಒಂದು ನಕಲು ಇಟ್ಟುಕೊಳ್ಳದೆ ಬಿಡುತ್ತಾಳೆಯೇ? ಸೋಮವಾರ ಎಲ್ಲರ ಮುಂದೆ ತೆಗೆದು ನನ್ನ ಮಾನ ಕಳೆಯುತ್ತಾಳೆ. ಶುಕ್ರವಾರವೂ ಅದೇ ಯೋಚನೆ. ಶನಿವಾರ ಸಲ್ಮಾನನ ಅಂಗಡಿಗೆ ಹೋಗಿ, ಅಳಿಸಿದ್ದು ಖರೇನೇ ಅಳಿಸಿ ಹೋಗುತ್ತದೆಯೇ ಎಂದು ಸುತ್ತಿ ಬಳಸಿ ಕೇಳಿ ಬಂದೆ. ಪಕ್ಕದ ಮನೆಯಲ್ಲಿ ಮಗ್ಗದ ಸದ್ದಿರಲಿಲ್ಲ, ವಿಡಿಯೋದವನ ಸದ್ದೂ ಇರಲಿಲ್ಲ. ಶೇಖವ್ವ ರೊಟ್ಟಿ ಬಡಿಸುತ್ತಿದ್ದಳು, ನೀರು ಇಡುತ್ತಿದ್ದಳು, ಮಾತು ಮಾತ್ರ ಆಡುತ್ತಿರಲಿಲ್ಲ. ಭಾನುವಾರ ಊಟಕ್ಕೆ ಕೂತಾಗ ಒಂದೇ ಮಾತು ಆಡಿದಳು. "ನಾಳೆ ಆ ಹುಡಿಗಿ ಕಂಪ್ಯೂಟರ್ ಟ್ರಂಕಿನ್ಯಾಗ ಹೋಗತೈತಂತ." ನಾನು ಕೈ ತೊಳೆದು ಎದ್ದೆ.

ಸೋಮವಾರ ಸೊಸೈಟಿಯಲ್ಲಿ ಇಪ್ಪತ್ತು ಜನ ಜಮಖಾನದ ಮೇಲೆ ಕೂತಿದ್ದರು. ಹನಮಂತಪ್ಪ ಮಡಚಿದ ಚೀಲ ಹಿಡಿದು ಗೋಡೆಗೆ ಒರಗಿದ್ದ. ನಾನು ನಿಂತು ಹೇಳಿದೆ: "ಹುಡಿಗೀದು ತಪ್ಪಿಲ್ಲ. ಸೀರಿ ಫೋನಿಗೆ ಹಾಕಿದಾಂವ ನಾನಽ. ಸುಳ್ಳ ಹೆಸರ ಹೇಳಿ ಆಡಿದೆ, ಖಾಲಿ ಮಗ್ಗ ಬಂತು, ನೇಯ್ದೆ."

ಒಬ್ಬ ನಕ್ಕ. "ಹೊಟ್ಟ್ಯಾಗ ಹುಟ್ಟಿದ ಮಗಳಿಗೆ ಹೇಳಿಲ್ಲ, ಫೋನಿಗೆ ಹೇಳ್ಯಾನಂತ!" ಹಿಂದಿನಿಂದ ಇನ್ನೊಬ್ಬ ಕೇಳಿದ: "ಹನಮಂತಪ್ಪ ಏನ್ ಕೊಟ್ಟಾನೋ ಇಂವಗ?" ಗೌಸುಸಾಬ ಕೂಡ ತಲೆ ಅಲ್ಲಾಡಿಸಿದ. "ಕಳಕಪ್ಪ, ಹೋದ ಸೋಮವಾರ ಒಂದು ಹೇಳಿದಿ, ಈ ಸೋಮವಾರ ಇನ್ನೊಂದು. ಯಾವುದನ್ನ ನಂಬೂಣು? ಏನರ ಗುರುತು ಐತೇನು?"

ಗುರುತು ಇರಲಿಲ್ಲ. ಅಳಿಸು ಅಂದವನು ನಾನೇ. ಅವರ ಮೇಲೆ ಸಿಟ್ಟೂ ಬರಲಿಲ್ಲ, ಅವರ ಜಾಗದಲ್ಲಿ ನಾನಿದ್ದರೆ ಇದನ್ನೇ ಕೇಳುತ್ತಿದ್ದೆ, ಇನ್ನೂ ಜೋರಾಗಿ ಕೇಳುತ್ತಿದ್ದೆ.

ಜಮಖಾನದ ಮೇಲೆ ಕೂತೆ. ಫೋನು ತೆಗೆದು ಆಟದ ಖಾಲಿ ಮಗ್ಗ ತೆರೆದು ಎಲ್ಲರಿಗೂ ಕಾಣುವ ಹಾಗೆ ನಡುವೆ ಇಟ್ಟೆ. "ಹಾಕಿ ತೋರಸ್ತೀನಿ. ನೋಡ್ರಿ, ಎಣಸ್ರಿ" ಅಂದೆ. ಅಲ್ಲಿದ್ದವರೆಲ್ಲ ನೇಕಾರರು. ಒಂದು ಲೆಕ್ಕವನ್ನು ಒಮ್ಮೆ ಕೇಳಿದರೆ ಸಾಯುವವರೆಗೆ ಮರೆಯುವ ಜನವಲ್ಲ. ನನಗೆ ಅದು ಗೊತ್ತಿತ್ತು. ನಮ್ಮವ್ವ ಎಂದೂ ಬಾಯಿ ಬಿಟ್ಟು ಹೇಳದ್ದನ್ನು ನಾನು ಬಾಯಿ ಬಿಟ್ಟು ಹೇಳತೊಡಗಿದೆ.

"ಕೆಂಪು ಎಂಟು."

ನನ್ನ ಧ್ವನಿ ನನಗೇ ಬೇರೆಯವರದು ಅನ್ನಿಸಿತು.

"ಬಿಳೇದು ಎರಡು. ಕೆಂಪು..."

ಯಾರೋ ಏಳುವ ಸದ್ದಾಯಿತು. ನೋಡಿದರೆ ಹನಮಂತಪ್ಪ. ಗೋಡೆ ಹಿಡಿದು, ಮೊಣಕಾಲು ನೋವಿಗೆ ಮುಖ ಕಿವುಚಿ, ಎದ್ದು ಹೊರಗೆ ಹೋದ. ಅವನ ಹಿಂದೆ ಗೌಸುಸಾಬ ನೀಲಿ ಹತ್ತಿದ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಎದ್ದ. ಆಮೇಲೆ ನಕ್ಕವನು ಎದ್ದ. ಏನು ಕೊಟ್ಟಾನೆ ಎಂದು ಕೇಳಿದವನೂ ಎದ್ದ. ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಬಾಗಿಲಲ್ಲಿ ತಲೆ ಬಗ್ಗಿಸಿ ಒಬ್ಬೊಬ್ಬರಾಗಿ ಹೊರಗೆ ಇಳಿದರು. ಜಮಖಾನದ ಮೇಲೆ ನಾನೊಬ್ಬನೇ ಉಳಿದೆ.

ನಿಲ್ಲಿಸಲಿಲ್ಲ. ಕೊನೆಯ ಎಳೆಯವರೆಗೂ ಹೇಳಿ ಮುಗಿಸಿದೆ. ಅಳು ಬರುತ್ತಿತ್ತು, ನಡುನಡುವೆ ನಿಂತು ಮೂಗು ಒರೆಸಿಕೊಂಡೆ.

ಹೊರಗಿನಿಂದ ಗೌಸುಸಾಬನ ಧ್ವನಿ ಕೇಳಿತು. "ಹನಮಂತಪ್ಪ, ಚೀಲ ತಾರೋ ಇಲ್ಲೆ. ನೂಲು ತೂಗಸೂಣು."

ಬಾಗಿಲು ಅರ್ಧ ತೆರೆದೇ ಇತ್ತು. ಆ ಸಂದಿಯಲ್ಲಿ ಯಾರಾದರೂ ಕಿವಿಗೊಟ್ಟು ನಿಂತಿದ್ದರೋ ಏನೋ, ನಾನು ತಿರುಗಿ ನೋಡಲಿಲ್ಲ.